ನೀರಿನ ಅಣು ಬಾಗಿರುವುದೇಕೆ?

ಪ್ರಥಮ ಪಿಯುಸಿ ರಸಾಯನಶಾಸ್ತ್ರ ಗುಂಪಿನ ಸದಸ್ಯರ ಗಮನಕ್ಕೆ.

ಅಭ್ಯಾಸದ ಉತ್ತರಗಳಲ್ಲಿ ಹಲವರು ನೀರಿನ ಅಣುವನ್ನು ನೇರ ರೇಖೆಯಲ್ಲಿ ಬರೆದಿದ್ದೀರಿ. ಕಾರ್ಬನ್ ಡೈಆಕ್ಸೈಡ್ ನೇರವಾಗಿರುವಾಗ ನೀರು ಮಾತ್ರ ಏಕೆ ಬಾಗಬೇಕು ಎಂಬ ಪ್ರಶ್ನೆ ಬಹಳ ಒಳ್ಳೆಯದು. ಅದರ ಉತ್ತರವು ನಾವು ಚಿತ್ರದಲ್ಲಿ ಬರೆಯದೆ ಬಿಡುವ ಎಲೆಕ್ಟ್ರಾನುಗಳಲ್ಲಿದೆ.

ಕೇಂದ್ರ ಪರಮಾಣುವಿನ ಹೊರಕವಚದ ಎಲೆಕ್ಟ್ರಾನ್ ಜೋಡಿಗಳು ಪರಸ್ಪರ ವಿಕರ್ಷಿಸಿ, ಸಾಧ್ಯವಾದಷ್ಟು ದೂರ ನಿಲ್ಲುತ್ತವೆ ಎಂಬುದು 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಬೆಳೆಸಿದ ಸಿದ್ಧಾಂತದ ತಿರುಳು. ಮೀಥೇನ್, ಅಮೋನಿಯಾ, ನೀರು ಈ ಮೂರರಲ್ಲೂ ಅಂತಹ ಜೋಡಿಗಳು ನಾಲ್ಕೇ. ಮೀಥೇನಿನಲ್ಲಿ ನಾಲ್ಕೂ ಬಂಧಜೋಡಿಗಳಾದ್ದರಿಂದ ಅವು ಚತುರ್ಮುಖಿಯ ಮೂಲೆಗಳತ್ತ ಸಮನಾಗಿ ಚಾಚಿಕೊಂಡು 109.5 ಡಿಗ್ರಿ ಕೋನ ಏರ್ಪಡುತ್ತದೆ. ಬಂಧಜೋಡಿಯನ್ನು ಎರಡು ನ್ಯೂಕ್ಲಿಯಸ್‌ಗಳು ತಮ್ಮ ನಡುವೆ ಹಿಡಿದಿಟ್ಟುಕೊಂಡರೆ, ಬಂಧದಲ್ಲಿ ಸೇರದೆ ಉಳಿದ ಒಂಟಿ ಜೋಡಿಯ ಮೇಲೆ ಒಂದೇ ನ್ಯೂಕ್ಲಿಯಸ್ಸಿನ ಹಿಡಿತವಿರುವುದರಿಂದ ಅದು ಹೆಚ್ಚು ಜಾಗಕ್ಕೆ ಹರಡಿ ಪಕ್ಕದ ಬಂಧಗಳನ್ನು ಒತ್ತುತ್ತದೆ. ಒಂದು ಒಂಟಿ ಜೋಡಿಯಿರುವ ಅಮೋನಿಯಾದಲ್ಲಿ ಕೋನವು ಸುಮಾರು 107ಕ್ಕೆ, ಎರಡಿರುವ ನೀರಿನಲ್ಲಿ 104.5ಕ್ಕೆ ಇಳಿಯುವುದು ಹೀಗೆ. ಈ ಇಳಿಕೆಯ ಕ್ರಮ ನನಗೆ ಇಂದಿಗೂ ಅತ್ಯಂತ ಸುಂದರವಾಗಿ ಕಾಣುತ್ತದೆ.

ಕಾರ್ಬನ್ ಡೈಆಕ್ಸೈಡಿನ ಕಾರ್ಬನ್ನಿನ ಮೇಲೆ ಒಂಟಿ ಜೋಡಿಯೇ ಇಲ್ಲ. ಆಕಾರ ನಿರ್ಧರಿಸುವಾಗ ಪ್ರತಿಯೊಂದು ದ್ವಿಬಂಧವನ್ನೂ ಒಂದೇ ಘಟಕವೆಂದು ಎಣಿಸಬೇಕು. ಹಾಗೆ ಎಣಿಸಿದಾಗ ಸಿಗುವ ಎರಡೇ ಘಟಕಗಳು ಪರಸ್ಪರ ವಿರುದ್ಧ ದಿಕ್ಕಿಗೆ ಸರಿದು ನಿಲ್ಲುವುದರಿಂದ ಅಣು ನೇರವಾಗುತ್ತದೆ.

ಆದರೆ ಈ ನಿಯಮ ಕೋನದ ನಿಖರ ಬೆಲೆಯನ್ನು ಹೇಳುವುದಿಲ್ಲ: ನೀರಿನಂತೆಯೇ ಎರಡು ಬಂಧಜೋಡಿ, ಎರಡು ಒಂಟಿ ಜೋಡಿಗಳಿರುವ ಹೈಡ್ರೋಜನ್ ಸಲ್ಫೈಡಿನಲ್ಲಿ ಕೋನ ಸುಮಾರು 92 ಡಿಗ್ರಿ. ಆದ್ದರಿಂದ ಈ ನಿಯಮದಿಂದ ಆಕಾರವನ್ನು ಊಹಿಸಿ, ನಿಖರವಾದ ಕೋನವನ್ನು ಪ್ರಯೋಗದ ಅಳತೆಯಿಂದಲೇ ತೆಗೆದುಕೊಳ್ಳಿ. ತಿದ್ದಿದ ಚಿತ್ರಗಳಲ್ಲಿ ಒಂಟಿ ಜೋಡಿಗಳನ್ನು ತಪ್ಪದೆ ಗುರುತಿಸಿ ಕಳುಹಿಸಬೇಕಾಗಿ ಕೋರುತ್ತೇನೆ.