ಅಕ್ಕಾ, ಆ ನೋವಿನ ಮಾತ್ರೆ ಈಗಲೇ ನುಂಗಬೇಡ

ಪ್ರೀತಿಯ ಅಕ್ಕಾ,

ನಾನಿಲ್ಲಿ ಚೆನ್ನಾಗಿದ್ದೇನೆ. ನಿನ್ನ ಮೆಸೇಜಿಗೆ ಫೋನಿನಲ್ಲೇ ಉತ್ತರ ಕೊಡೋಣ ಅಂದುಕೊಂಡೆ. ಆದರೆ ನಾವಿಬ್ಬರೂ ಮಾತಿಗೆ ಕೂತರೆ ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತದೆ, ಅಲ್ವಾ. ಅದಕ್ಕೇ ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗುವ ಮುಂಚೆ ಇನ್ನೊಂದು ಸಲ ಓದಿಕೋ.

ಮುಖದ ಚರ್ಮ ಬಿಗಿ ಮಾಡುವ ಅಲ್ಟ್ರಾಸೌಂಡ್ ಟ್ರೀಟ್‌ಮೆಂಟ್ ನೀನೂ ಮಾಡಿಸಿಕೊಳ್ಳುತ್ತೀಯ ಅಂತ ಕೇಳಿ ಖುಷಿಯಾಯಿತು. ಆದರೆ ಕೊನೆಯ ಸಾಲು ನೋಡಿ ಎದೆ ಧಸಕ್ಕೆಂದಿತು. "ನೋಯುತ್ತದಂತೆ, ಮಂಡಿನೋವಿಗೆ ತಂದ ಡೈಕ್ಲೊಫೆನಾಕ್ ಮನೆಯಲ್ಲೇ ಇದೆ, ಎರಡು ದಿನ ಮೊದಲಿಂದಲೇ ನುಂಗಿಬಿಡುತ್ತೇನೆ" ಅಂತ ಬರೆದಿದ್ದೀಯ. ಬೇಡ ಅಕ್ಕಾ. ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡ.

ಹೋದ ವರ್ಷ ನಾನು ಮಾಡಿದ್ದೂ ಅದನ್ನೇ. ಬೆನ್ನುನೋವಿಗೆ ಅಂತ ಒಂದು ವಾರದಿಂದ ನ್ಯಾಪ್ರೊಕ್ಸೆನ್ ತೆಗೆದುಕೊಳ್ಳುತ್ತಿದ್ದೆ, ದಿನಕ್ಕೆ ಎರಡು. ಕ್ಲಿನಿಕ್ಕಿನಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಫಾರಂನಲ್ಲಿ 'ಈಗ ತೆಗೆದುಕೊಳ್ಳುತ್ತಿರುವ ಔಷಧಿ' ಅಂತ ಒಂದು ಸಾಲು ಇತ್ತು. ನೋವಿನ ಮಾತ್ರೆಯೂ ಔಷಧಿಯೇ ಅಂತ ನನಗೆ ಹೊಳೆಯಲೇ ಇಲ್ಲ, 'ಯಾವುದೂ ಇಲ್ಲ' ಅಂತ ಬರೆದೆ. ಆಮೇಲೆ ದವಡೆ ನೋಯುತ್ತಿದೆ ಅಂತ ಇನ್ನೂ ಐದು ದಿನ ಅದನ್ನೇ ನುಂಗಿದೆ. ಕಿವಿಯ ಕೆಳಗೆ ಹೆಬ್ಬೆರಳಗಲ ನೀಲಿಗಟ್ಟಿತು. ಮೂರು ತಿಂಗಳಾದ ಮೇಲೂ ಮುಖದಲ್ಲಿ ನಾನು ಅಂದುಕೊಂಡಷ್ಟು ಬದಲಾವಣೆ ಕಾಣಲಿಲ್ಲ. ಮಾತ್ರೆಯಿಂದಲೇ ಹೀಗಾಯಿತು ಅಂತ ಹೇಳುತ್ತಿಲ್ಲ. ಈ ಟ್ರೀಟ್‌ಮೆಂಟ್ ಎಲ್ಲರಿಗೂ ಒಂದೇ ಥರ ಹಿಡಿಯುವುದಿಲ್ಲ ಅಂತ ಆಮೇಲೆ ತೋರಿಸಿದ ಇನ್ನೊಬ್ಬ ಚರ್ಮದ ಡಾಕ್ಟರ್ ನೇರವಾಗಿಯೇ ಹೇಳಿದರು. ಆದರೆ ಮಾತ್ರೆಯ ವಿಷಯ ಅವರು ಬಿಡಿಸಿ ಹೇಳಿದಾಗ, ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ ಅನ್ನಿಸಿತು.

ಅವರು ಹೇಳಿದ್ದು ಹೀಗೆ. ಈ ಮೆಷಿನ್ ಚರ್ಮದ ಮೇಲ್ಪದರವನ್ನು ಸುಡುವುದಿಲ್ಲ. ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲನ್ನು ಒಂದು ಚುಕ್ಕೆಗೆ ಕೂಡಿಸಿ ಕಾಗದ ಸುಡುತ್ತಿದ್ದೆವಲ್ಲ, ಹಾಗೆ ಶಬ್ದದ ಅಲೆಗಳನ್ನು ಚರ್ಮದ ಒಳಗೆ ಚುಕ್ಕೆ ಚುಕ್ಕೆಯಾಗಿ ಕೂಡಿಸುತ್ತದೆ. ಆಳ 1.5, 3 ಇಲ್ಲವೇ 4.5 ಮಿಲಿಮೀಟರ್. ಕೊನೆಯದು ಫೇಸ್‌ಲಿಫ್ಟ್ ಆಪರೇಷನ್ನಿನಲ್ಲಿ ಸರ್ಜನ್‌ಗಳು ಎಳೆದು ಹೊಲಿಯುವ ಪದರದವರೆಗೂ ಹೋಗುತ್ತದೆ. ಆ ಚುಕ್ಕೆಯಲ್ಲಿ ಶಾಖ 60ರಿಂದ 70 ಡಿಗ್ರಿ ಸೆಲ್ಸಿಯಸ್. ಅಲ್ಲಿನ ಹಳೆ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರು, ಮುದುಡಿಕೊಳ್ಳುತ್ತದೆ. ದೇಹಕ್ಕೆ ಅದೊಂದು ಚಿಕ್ಕ ಗಾಯ. ಗಾಯ ಅಂದಮೇಲೆ ಮೊದಲು ಬಾವು, ಕೆಟ್ಟದ್ದನ್ನು ತೆಗೆದುಹಾಕುವ ಕೆಲಸ, ಅದರ ಹಿಂದೆಯೇ ಹೊಸ ಕೊಲಾಜೆನ್ ನೇಯುವ ಕೆಲಸ. ಚರ್ಮ ಬಿಗಿಯಾಗುವುದು ಈ ಹೊಸ ಕೊಲಾಜೆನ್ನಿನಿಂದ. ಅದಕ್ಕೇ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಕೆಲವರಿಗೆ ಆರು ತಿಂಗಳು.

ಅಂದರೆ ಈ ಟ್ರೀಟ್‌ಮೆಂಟಿಗೆ ಬೇಕಾಗಿರುವುದೇ ಆ ಬಾವು. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಅಸೆಕ್ಲೊಫೆನಾಕ್ ಇವೆಲ್ಲ ಬಾವು ಇಳಿಸುವ ಮಾತ್ರೆಗಳು. ನೋವನ್ನೂ ಬಾವನ್ನೂ ಎಬ್ಬಿಸುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ದೇಹದಲ್ಲಿ ತಯಾರಾಗದಂತೆ ತಡೆಯುತ್ತವೆ. ದುಡ್ಡು ಕೊಟ್ಟು ಬಾವು ತರಿಸಿಕೊಂಡು, ಅದೇ ವಾರ ಅದನ್ನು ಇಳಿಸುವ ಮಾತ್ರೆಯನ್ನೂ ನುಂಗುವುದು ಯಾಕೆ? ಇದು ಮನುಷ್ಯರ ಮುಖದ ಮೇಲೆ ಅಳೆದು ಸಾಬೀತಾದ ಮಾತಲ್ಲ, ಗಾಯ ಮಾಯುವ ರೀತಿ ನೋಡಿ ಹುಟ್ಟಿದ ಎಚ್ಚರ. ಕೆಲವು ಡಾಕ್ಟರುಗಳು ತಾವೇ ಟ್ರೀಟ್‌ಮೆಂಟಿಗೆ ಒಂದು ಗಂಟೆ ಮುಂಚೆ ಒಂದು ಐಬುಪ್ರೊಫೆನ್ ಕೊಡುವುದೂ ಉಂಟು. ನಿನ್ನ ಡಾಕ್ಟರ್ ನಿನ್ನ ಆರೋಗ್ಯ ನೋಡಿ ಒಂದು ಸಲಕ್ಕೆ ಕೊಟ್ಟರೆ ಗಾಬರಿ ಬೇಡ. ನೀನೇ ಸುಮ್ನೆ ದಿನಗಟ್ಟಲೆ ನುಂಗುವುದು ಬೇರೆ.

ನೀಲಿಗಟ್ಟುವುದಕ್ಕೂ ಇದಕ್ಕೂ ಸಂಬಂಧ ಇದೆ. ರಕ್ತ ಸೋರುವುದನ್ನು ನಿಲ್ಲಿಸುವ ಪ್ಲೇಟ್‌ಲೆಟ್ ಅನ್ನುವ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಈ ಮಾತ್ರೆಗಳು ಕಡಿಮೆ ಮಾಡುತ್ತವೆ. ಆಸ್ಪಿರಿನ್‌ದು ಇನ್ನೂ ಗಟ್ಟಿ, ಅದು ತಗುಲಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗುವುದೇ ಇಲ್ಲ. ಹೊಸವು ಬರಲು 7ರಿಂದ 10 ದಿನ ಹಿಡಿಯುತ್ತದೆ.

ಇಲ್ಲಿ ಒಂದು ಮಾತು ದಯವಿಟ್ಟು ಭಾವನವರಿಗೂ ಓದಿ ಹೇಳು. ಅವರು ಹಾರ್ಟಿಗೆ ತೆಗೆದುಕೊಳ್ಳುವ ಚಿಕ್ಕ ಆಸ್ಪಿರಿನ್ ಇದೆಯಲ್ಲ, ಈ ಪತ್ರ ಕೇಳಿ ಅದನ್ನು ನಿಲ್ಲಿಸಬಾರದು. ಸ್ಟೆಂಟ್ ಹಾಕಿದವರು ಹಾರ್ಟ್ ಡಾಕ್ಟರ್ ಹೇಳದೆ ಒಂದು ದಿನವೂ ಅದನ್ನು ಬಿಡಬಾರದು. ಮುಖ ಚೆಂದ ಕಾಣುವುದಕ್ಕಂತೂ ಖಂಡಿತ ಬಿಡಬಾರದು.

ನಿನ್ನದು ಬಿಪಿ. ನನಗೆ ಜಾಸ್ತಿ ಚಿಂತೆ ಅದೇ. ಬಾವಿನ ಮಾತ್ರೆ ಬಿಪಿ ಏರಿಸಬಹುದು. ಕೆಲವು ಥರದ ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ಅದರ ಮೇಲೆ ಇದು, ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಹೊಟ್ಟೆಯಲ್ಲಿ ಹುಣ್ಣು ಮಾಡುವುದಂತೂ ನಿನಗೆ ಗೊತ್ತೇ ಇದೆ, ಅಮ್ಮನಿಗೆ ಆಗಿತ್ತಲ್ಲ. ಮಂಡಿಗೆ ದಿನಾ ತೆಗೆದುಕೋ ಅಂತ ಮೂಳೆ ಡಾಕ್ಟರ್ ಬರೆದುಕೊಟ್ಟಿದ್ದರೆ ಅದನ್ನು ನಿಲ್ಲಿಸುವ ಮುಂಚೆ ಅವರನ್ನೇ ಕೇಳು.

ಹಾಗಾದರೆ ನೋವಿಗೇನು? ಪ್ಯಾರಾಸಿಟಮಾಲ್. ಅದು ನೋವು ತಗ್ಗಿಸುತ್ತದೆ, ಬಾವಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲೆ ಹೋಗಬಾರದು, ಅಂದರೆ 500 ಮಿಲಿಗ್ರಾಂನವು ಎಂಟು. ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನಿನಗೆ ಅಷ್ಟೆಲ್ಲ ಬೇಕಾಗುವುದೂ ಇಲ್ಲ. ಆದರೆ ಸ್ಟ್ರಿಪ್ಪಿನ ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದಿರುವುದನ್ನು ಕನ್ನಡಕ ಹಾಕಿಕೊಂಡು ಓದು. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ನೋ ಅಸೆಕ್ಲೊಫೆನಾಕ್ಕೋ ಸೇರಿಸಿದ ಮಾತ್ರೆಗಳು ಬಹಳ ಇವೆ. ಹೆಸರು ನೋಡಿದರೆ ತಿಳಿಯುವುದಿಲ್ಲ.

ನೋವು ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ. ತಣ್ಣನೆ ಜೆಲ್ ಹಚ್ಚಿ ಮೆಷಿನ್ನಿನ ತುದಿಯನ್ನು ಕೆನ್ನೆಗೆ ಒತ್ತಿ ಹಿಡಿಯುತ್ತಾರೆ. ಒಳಗೆ ಸಾಲಾಗಿ ಕಾದ ಸೂಜಿ ಚುಚ್ಚಿಕೊಂಡು ಹೋದ ಹಾಗೆ ಆಗುತ್ತದೆ, ಮೂರು ನಾಲ್ಕು ಸೆಕೆಂಡು, ಆಮೇಲೆ ನಿಲ್ಲುತ್ತದೆ. ಕೆನ್ನೆಯ ಮಾಂಸದ ಮೇಲೆ ಪರವಾಗಿಲ್ಲ. ದವಡೆಯ ಮೂಳೆ ಹತ್ತಿರ ಬಂದಾಗ ಹಲ್ಲಿನ ಬುಡದವರೆಗೂ ಝುಮ್ಮೆನ್ನುತ್ತದೆ. ತಡೆಯಲಾಗದಿದ್ದರೆ ಕೈ ಎತ್ತು, ಶಕ್ತಿ ಕಡಿಮೆ ಮಾಡುತ್ತಾರೆ. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ, ನೀನು ಹಾಗೆ ಮಾಡಬೇಡ. ಕೆಂಪು ಕೆಲವು ಗಂಟೆಯಲ್ಲಿ ಹೋಗುತ್ತದೆ. ಮುಟ್ಟಿದರೆ ನೋಯುವುದು ಕೆಲವು ದಿನ, ಒಮ್ಮೊಮ್ಮೆ ಒಂದೆರಡು ವಾರ ಇರುತ್ತದೆ. ಆದರೆ ನಗುವಾಗ ಬಾಯಿ ಒಂದು ಕಡೆಗೆ ಎಳೆದರೆ, ಚರ್ಮದ ಮೇಲೆ ಗುಳ್ಳೆ ಎದ್ದರೆ, ನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಯಾವ ಮಾತ್ರೆಯನ್ನೂ ನುಂಗಿ ಕಾಯುತ್ತ ಕೂರಬೇಡ. ಅವತ್ತೇ ಡಾಕ್ಟರಿಗೆ ತೋರಿಸು.

ಈಗ ಒಂದು ಕೆಲಸ ಮಾಡು. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತೆಗೆದು ನನಗೂ ಕಳಿಸು, ಡಾಕ್ಟರಿಗೂ ತೋರಿಸು. ಫಾರಂನ ಆ ಸಾಲಿನಲ್ಲಿ ಬಿಪಿದೂ ಮಂಡಿದೂ ಎಲ್ಲವನ್ನೂ ಬರೆ. ಯಾವತ್ತು ಹೋಗುತ್ತೀಯ ಅಂತ ತಿಳಿಸು. ಇಲ್ಲಿ ಆಗ ನಡುರಾತ್ರಿಯಾದರೂ ಪರವಾಗಿಲ್ಲ, ಮುಗಿದ ಕೂಡಲೇ ಫೋನ್ ಮಾಡು, ಎದ್ದಿರುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ತಂಗಿ