ಪ್ರವೇಶದ ಜೊತೆಯಲ್ಲೇ ಹಾಸ್ಟೆಲ್ ಕೊಠಡಿಯೂ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪ್ರವೇಶದ ಪಟ್ಟಿಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳು ವರ್ಗಾವಣೆ ಪತ್ರಕ್ಕೆಂದು ಬರುತ್ತಾರೆ. ಸೀಟು ಸಿಕ್ಕಿತೇ ಎಂದು ಕೇಳಿದರೆ ಸಿಕ್ಕಿತು ಎನ್ನುತ್ತಾರೆ, ಆದರೆ ಮುಖದಲ್ಲಿ ಗೆಲುವಿರುವುದಿಲ್ಲ. ‘ಹಾಸ್ಟೆಲ್ ಸಿಗ್ತೈತೋ ಇಲ್ಲೋ ಇನ್ನೂ ಗೊತ್ತಿಲ್ರಿ ಮೇಡಂ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಪಾಠ ಮಾಡುತ್ತಿರುವ ನಾನು ಈ ಮಾತನ್ನು ಪ್ರತಿ ವರ್ಷ ಕೇಳುತ್ತಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನೂ ನನ್ನ ಅಧ್ಯಾಪಕರ ಮುಂದೆ ನಿಂತು ಇದನ್ನೇ ಹೇಳಿದ್ದೆ. ತರಗತಿ ಆರಂಭವಾಗುವ ದಿನಕ್ಕೂ ಹಾಸ್ಟೆಲ್ ಕೊಠಡಿ ಹಂಚಿಕೆಯಾಗುವ ದಿನಕ್ಕೂ ನಡುವೆ ಬೀಳುವ ಅಂತರದ ಬಗ್ಗೆ, ಅದು ಬಡವರ ಮನೆಯ ಮಕ್ಕಳಿಗೆ ಏನು ಮಾಡುತ್ತದೆ ಎಂಬುದರ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ವಿಶ್ವವಿದ್ಯಾಲಯಗಳ ಆಡಳಿತದ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಎಂ.ಎ. ಪ್ರವೇಶ ಸಿಕ್ಕಿ ಪಾಠಗಳು ಶುರುವಾದ ಮೇಲೆ ಹಾಸ್ಟೆಲ್ ಪಟ್ಟಿ ಹೊರಬೀಳಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದಿನವೂ ನಾನು ನಮ್ಮ ತಾಲ್ಲೂಕಿನವರೇ ಆದ ಅಕ್ಕ ಒಬ್ಬರ ಕೊಠಡಿಯಲ್ಲಿ ‘ಗೆಸ್ಟ್’ ಆಗಿದ್ದೆ. ಇಬ್ಬರಿಗೆಂದು ಕಟ್ಟಿಸಿದ ಆ ಕೊಠಡಿಯಲ್ಲಿ ಮೂವರು ಅಧಿಕೃತವಾಗಿಯೇ ಇದ್ದರು. ಎರಡು ಮಂಚಗಳ ನಡುವಿನ ಜಾಗದಲ್ಲಿ ನನ್ನ ಚಾಪೆ, ಮಂಚದ ಕೆಳಗೆ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ, ಅದರ ಪಕ್ಕದಲ್ಲಿ ಟ್ರಂಕು. ರಾತ್ರಿ ಹಾಜರಿ ತೆಗೆಯಲು ಮೇಟ್ರನ್ ಬರುವ ಹೊತ್ತಿಗೆ ಚಾಪೆ ಸುತ್ತಿ ಕಪಾಟಿನ ಹಿಂದೆ ನಿಲ್ಲಿಸಿ, ಪುಸ್ತಕ ಹಿಡಿದು ಸ್ನಾನದ ಮನೆಗಳ ಕಡೆಯ ಪಡಸಾಲೆಗೆ ಹೋಗಿ ನಿಲ್ಲುತ್ತಿದ್ದೆ. ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆ ಒಳಗೆ ಬರುತ್ತಿದ್ದೆ. ಅಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಯಾರೂ ಹಿಂಸಿಸಲಿಲ್ಲ. ಆ ಅಕ್ಕಂದಿರ ಉಪಕಾರವನ್ನು ಇಂದಿಗೂ ನೆನೆಯುತ್ತೇನೆ. ಆದರೂ ಬೆಳಿಗ್ಗೆ ಎಲ್ಲರ ಬಕೆಟ್ಟಿಗೂ ನೀರು ಹಿಡಿದು ಇಡುವುದು, ಯಾರದೋ ನೋಟ್ಸನ್ನು ಚೆಂದದ ಅಕ್ಷರದಲ್ಲಿ ಬರೆದುಕೊಡುವುದು ನನ್ನ ಪಾಲಿಗೆ ಬಂದಾಗ ಬೇಡವೆನ್ನುವ ಸ್ವಾತಂತ್ರ್ಯ ನನಗಿರಲಿಲ್ಲ. ಮಲಗುವ ಜಾಗ ಅವರ ದಯೆಯಲ್ಲಿತ್ತು. ನನ್ನ ಅದೃಷ್ಟ, ಅವರು ಒಳ್ಳೆಯವರಾಗಿದ್ದರು.

ವಿದ್ಯಾರ್ಥಿಯ ನೆಮ್ಮದಿ ಹೀಗೆ ಅದೃಷ್ಟವನ್ನು ನೆಚ್ಚಬಾರದು ಎಂಬುದಕ್ಕೇ ನಿಯಮಗಳಿವೆ. ರ‍್ಯಾಗಿಂಗ್ ತಡೆಗಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯು, ಹೊಸದಾಗಿ ಸೇರಿದವರನ್ನು ಸಾಧ್ಯವಾದಷ್ಟು ಮಟ್ಟಿಗೆ ಹಿರಿಯ ವಿದ್ಯಾರ್ಥಿಗಳಿಂದ ಬೇರೆಯದೇ ಆದ ಹಾಸ್ಟೆಲ್ ವಿಭಾಗದಲ್ಲಿ ಇರಿಸಬೇಕೆಂದೂ, ಪ್ರತಿ ಹಾಸ್ಟೆಲಿಗೆ ಪೂರ್ಣಾವಧಿಯ ವಾರ್ಡನ್ ಇರಬೇಕೆಂದೂ, ಅವರು ಹಾಸ್ಟೆಲಿನಲ್ಲಿ ಅಥವಾ ಅದರ ತೀರ ಸಮೀಪದಲ್ಲಿ ವಾಸವಾಗಿರಬೇಕೆಂದೂ ಹೇಳುತ್ತದೆ. ಹಂಚಿಕೆ ತಡವಾದ ಹಾಸ್ಟೆಲಿನಲ್ಲಿ ಆಗುವುದು ಇದಕ್ಕೆ ತೀರ ವಿರುದ್ಧ. ಹೊಸಬರು ಬೇರೆ ವಿಭಾಗದಲ್ಲಿ ಇರುವುದಿರಲಿ, ಹಿರಿಯರ ಮಂಚಗಳ ನಡುವೆಯೇ, ಅದೂ ಯಾವ ದಾಖಲೆಯೂ ಇಲ್ಲದೆ ಮಲಗಿರುತ್ತಾರೆ. ಅವರಲ್ಲಿ ಯಾರಿಗಾದರೂ ಕಿರುಕುಳವಾದರೆ ದೂರು ಕೊಡಲು ವಾರ್ಡನ್ ಬಳಿಗೆ ಹೋಗುವುದು ಹೇಗೆ? ಹಾಸ್ಟೆಲಿನಲ್ಲಿ ಇದ್ದದ್ದೇ ತಪ್ಪೆಂದು ಮೊದಲು ಅವರನ್ನೇ ಹೊರಗೆ ಹಾಕುತ್ತಾರೆ. ಪ್ರವೇಶದ ವೇಳೆ ಪಾಲಕರಿಂದ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಬರೆಸಿಕೊಳ್ಳುವ ವಿಶ್ವವಿದ್ಯಾಲಯಗಳು ತಮ್ಮ ಪಾಲಿನ ಈ ಕೆಲಸವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಮಾಡಬೇಕಲ್ಲವೇ?

ಹಾಸ್ಟೆಲಿನ ಊಟದ ಲೆಕ್ಕವೂ ಇದರಿಂದಲೇ ಕೆಡುತ್ತದೆ. ನಾನಿದ್ದ ಹಾಸ್ಟೆಲಿನ ಮೆಸ್ಸು ‘ಡಿವೈಡಿಂಗ್ ಸಿಸ್ಟಂ’ನಲ್ಲಿ ನಡೆಯುತ್ತಿತ್ತು. ತಿಂಗಳಿಗೆ ತಂದ ಅಕ್ಕಿ, ಜೋಳ, ಬೇಳೆ, ಎಣ್ಣೆ, ತರಕಾರಿ, ಗ್ಯಾಸಿನ ಒಟ್ಟು ಖರ್ಚನ್ನು ಉಂಡವರ ಒಟ್ಟು ದಿನಗಳಿಂದ ಭಾಗಿಸಿ ದಿನದ ದರ ಕಟ್ಟುವುದು ಇದರ ಕ್ರಮ. ಲಾಭದ ಆಸೆಯ ಗುತ್ತಿಗೆದಾರನಿಲ್ಲದೆ, ವಿದ್ಯಾರ್ಥಿಗಳ ಸಮಿತಿಯೇ ಸಂತೆಗೆ ಹೋಗಿ ಕಾಯಿಪಲ್ಯ ತರುವ ಈ ಪದ್ಧತಿ ನನ್ನ ಅನುಭವದಲ್ಲಿ ಬಹಳ ಒಳ್ಳೆಯದು. ಆದರೆ ಅದು ನಿಂತಿರುವುದು ಎಲೆಯ ಮುಂದೆ ಕೂತ ಪ್ರತಿಯೊಬ್ಬರ ಹೆಸರೂ ಹಾಜರಿ ಪುಸ್ತಕದಲ್ಲಿ ಇರಬೇಕೆಂಬುದರ ಮೇಲೆ. ಉದಾಹರಣೆಗೆ, ತಿಂಗಳ ಖರ್ಚು 1,80,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂವತ್ತು ದಿನ ಉಂಡವರು 120 ಜನರಾಗಿದ್ದು ಎಲ್ಲರ ಹೆಸರೂ ಪುಸ್ತಕದಲ್ಲಿದ್ದರೆ ದಿನಕ್ಕೆ 50 ರೂಪಾಯಿ ಬೀಳುತ್ತದೆ. ಅವರಲ್ಲಿ 20 ಜನ ಕೊಠಡಿ ಸಿಗದ ಗೆಸ್ಟುಗಳಾಗಿ ಲೆಕ್ಕದಿಂದ ಹೊರಗುಳಿದರೆ ಉಳಿದ 100 ಜನರು ತಲಾ 60 ರೂಪಾಯಿ ಕೊಡಬೇಕಾಗುತ್ತದೆ. ಹತ್ತು ರೂಪಾಯಿ ಸಣ್ಣದೆನಿಸಬಹುದು. ಮೂವತ್ತು ದಿನಕ್ಕೆ ಅದು ಮುನ್ನೂರು ರೂಪಾಯಿ, ಮನೆಯಿಂದ ಬರುವ ದುಡ್ಡಿನಲ್ಲಿ ತಿಂಗಳು ತೂಗಿಸುವ ಹುಡುಗಿಗೆ ಅದು ಪುಸ್ತಕದ ಹಣ. ಬಿಲ್ಲು ಏರಿದ ತಿಂಗಳು ನಮ್ಮಲ್ಲಿ ಜಗಳವಾಗುತ್ತಿತ್ತು. ಆ ಜಗಳದಲ್ಲಿ ಗೆಸ್ಟುಗಳು ತಲೆ ತಗ್ಗಿಸಿ ಕೂರುತ್ತಿದ್ದರು, ಅವರಲ್ಲಿ ನಾನೂ ಒಬ್ಬಳು. ಹೊಟ್ಟೆ ತುಂಬ ಉಣ್ಣದೆ ಎದ್ದ ರಾತ್ರಿಗಳಿವೆ. ನೀರಿನ ಕತೆಯೂ ಬೇರೆಯಲ್ಲ. ಮಂಜೂರಾದ ಸಂಖ್ಯೆಗೆ ತಕ್ಕಂತೆ ಕಟ್ಟಿದ ಟ್ಯಾಂಕು, ಸೋಲಾರ್, ಶೌಚಾಲಯಗಳನ್ನು ಅದಕ್ಕಿಂತ ಹೆಚ್ಚು ಜನ ಬಳಸಿದರೆ ಬೆಳಿಗ್ಗೆ ಆರಕ್ಕೇ ಬಿಸಿನೀರು ಮುಗಿದಿರುತ್ತದೆ.

ಹಂಚಿಕೆ ತಡವಾಗುವುದಕ್ಕೆ ಆಡಳಿತದವರು ಹೇಳುವ ಕಾರಣಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಹಿಂದಿನ ವರ್ಷದವರ ಪರೀಕ್ಷೆ ಮುಂದಕ್ಕೆ ಹೋದರೆ ಕೊಠಡಿ ತೆರವಾಗುವುದಿಲ್ಲ, ಪ್ರವೇಶವೇ ಹಲವು ಸುತ್ತುಗಳಲ್ಲಿ ನಡೆದರೆ ಅಂತಿಮ ಪಟ್ಟಿ ಸಿದ್ಧವಾಗುವುದಿಲ್ಲ. ಆದರೆ ಪ್ರವೇಶಕ್ಕೆ ಒಂದು ಅರ್ಜಿ, ಹಾಸ್ಟೆಲಿಗೆ ಇನ್ನೊಂದು ಅರ್ಜಿ, ಈಗಾಗಲೇ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮತ್ತೊಂದು ಜೊತೆ ನಕಲು, ಅದರ ಮೇಲೆ ವಿಭಾಗದ ಮುಖ್ಯಸ್ಥರ ಸಹಿ, ಅದನ್ನು ಹಿಡಿದು ವಾರ್ಡನ್ ಕಚೇರಿಯ ಮುಂದೆ ಇನ್ನೊಂದು ಸಾಲು, ಇವೆಲ್ಲ ಯಾವ ಅನಿವಾರ್ಯಕ್ಕಾಗಿ? ಪ್ರವೇಶದ ಅರ್ಜಿಯಲ್ಲೇ ಹಾಸ್ಟೆಲ್ ಬೇಕೇ ಎಂಬ ಒಂದು ಕಲಂ ಸೇರಿಸಿ, ದೂರ, ಆದಾಯ ಮತ್ತು ಅಂಗವೈಕಲ್ಯವನ್ನು ಪರಿಗಣಿಸಿ ಪ್ರವೇಶದ ಆದೇಶದ ಜೊತೆಗೇ ತಾತ್ಕಾಲಿಕ ಹಂಚಿಕೆ ಮಾಡಬಹುದು. ಕೊಠಡಿಗಳು ತೆರವಾಗುವವರೆಗೆ ಹೊಸಬರಿಗೆಂದು ಒಂದು ದೊಡ್ಡ ಹಾಲನ್ನಾದರೂ ಬಿಟ್ಟುಕೊಟ್ಟು, ಅವರ ಹೆಸರನ್ನು ಹಾಜರಿ ಪುಸ್ತಕದಲ್ಲೂ ಮೆಸ್ಸಿನ ಲೆಕ್ಕದಲ್ಲೂ ಸೇರಿಸಬಹುದು. ನೆಲದ ಮೇಲೆ ಮಲಗಲು ನಮ್ಮ ಮಕ್ಕಳಿಗೆ ಅಭ್ಯಾಸವಿದೆ. ಕದ್ದು ಮಲಗುವುದು ಅವರಿಗೆ ನೋವು ಕೊಡುತ್ತದೆ. ಇನ್ನು ಠೇವಣಿ ಹಾಗೂ ವರ್ಷದ ಶುಲ್ಕವನ್ನು ಒಂದೇ ಸಲಕ್ಕೆ ಕಟ್ಟಬೇಕೆಂಬ ನಿಯಮ. ವಿದ್ಯಾರ್ಥಿವೇತನ ಬರುವುದು ಶುಲ್ಕ ಕಟ್ಟಿ ತಿಂಗಳುಗಳಾದ ಮೇಲೆ. ಅದು ಬರುವವರೆಗೆ ಶುಲ್ಕವನ್ನು ಮುಂದೂಡಿದರೆ ಬಡ್ಡಿ ಸಾಲದಿಂದ ಎಷ್ಟೋ ಕುಟುಂಬಗಳು ಉಳಿದುಕೊಳ್ಳುತ್ತವೆ.

ಹಾಸ್ಟೆಲ್ ಸಿಗದವರಿಗೆ ಸರ್ಕಾರದ ನೆರವು ಇಲ್ಲವೆಂದಲ್ಲ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ಮತ್ತು ವಸತಿಗೆಂದು ಬಂದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ ನಿಗದಿಯಾಗಿತ್ತು. ಆ ಮೊತ್ತದಲ್ಲಿ ಖಾಸಗಿ ಪಿ.ಜಿ.ಯ ಬಾಡಿಗೆಯನ್ನೂ ಊಟವನ್ನೂ ಸರಿದೂಗಿಸಲು ಆಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮ ಕೆಲವು ವಿದ್ಯಾರ್ಥಿನಿಯರು ಬೇರೆಯೇ ದಾರಿ ಕಂಡುಕೊಂಡಿದ್ದಾರೆ. ಹಾಸ್ಟೆಲಿಗೆ ಕಾಯದೆ ದಿನವೂ ಊರಿನಿಂದಲೇ ಓಡಾಡುತ್ತಾರೆ. ಬಸ್ಸಿನ ಟಿಕೆಟ್ ಉಚಿತವಾದದ್ದರಿಂದ ಓದು ನಿಲ್ಲದೆ ಉಳಿದ ಹುಡುಗಿಯರನ್ನು ನಾನು ಬಲ್ಲೆ, ಆ ಯೋಜನೆಯ ಬಗ್ಗೆ ನನಗೆ ಕೃತಜ್ಞತೆಯಿದೆ. ಆದರೆ ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟು, ಎರಡು ಬಸ್ಸು ಬದಲಿಸಿ, ಸಂಜೆಯ ಬಸ್ಸು ತಪ್ಪೀತೆಂದು ಕೊನೆಯ ತರಗತಿಯನ್ನು ಬಿಟ್ಟು ಓಡುವ ಹುಡುಗಿಗೆ ಗ್ರಂಥಾಲಯ ದೂರದಿಂದ ನೋಡುವ ಕಟ್ಟಡವಾಗಿಯೇ ಉಳಿಯುತ್ತದೆ. ಸ್ನಾತಕೋತ್ತರ ಓದೆಂದರೆ ತರಗತಿಯ ನಾಲ್ಕು ಗಂಟೆ ಮಾತ್ರವಲ್ಲ. ನನಗೆ ನಿಜವಾದ ಓದು ದಕ್ಕಿದ್ದು ಹಾಸ್ಟೆಲಿನ ವಾಚನಾಲಯದಲ್ಲಿ, ರಾತ್ರಿ ಹನ್ನೊಂದರ ನಂತರ, ಬೇರೆ ಬೇರೆ ವಿಭಾಗಗಳ ಗೆಳತಿಯರ ನಡುವೆ ಕೂತಾಗ. ಗ್ರಂಥಾಲಯ ರಾತ್ರಿಯವರೆಗೆ ತೆರೆದಿದ್ದರೂ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಸಂಜೆಗೇ ಮುಚ್ಚುವ ಕಡೆಗಳಲ್ಲಿ ಆ ಎರಡೂ ವೇಳೆಗಳನ್ನು ಹೊಂದಿಸಬೇಕೆಂದು ಇಲ್ಲಿಯೇ ಸೇರಿಸಿ ಕೇಳಿಕೊಳ್ಳುತ್ತೇನೆ.

ಓದುವ ಮಕ್ಕಳಿಗೆ ಅನ್ನ ಮತ್ತು ಸೂರು ಕೊಡುವುದು ಕನ್ನಡ ನಾಡಿಗೆ ಹೊಸತೇನಲ್ಲ. ವಾರಾನ್ನ ಉಂಡು, ಒಂದೊಂದು ದಿನ ಒಂದೊಂದು ಮನೆಯ ಜಗುಲಿಯಲ್ಲಿ ಕಾದು ಓದಿದವರ ಪೀಳಿಗೆಯೊಂದಿತ್ತು. ಅದರ ಮುಜುಗರವಿಲ್ಲದೆ ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುವಂತೆ ಮಾಡಿದ ತುಮಕೂರಿನ ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯ, ಧಾರವಾಡದ ಮುರುಘಾಮಠದ ಪ್ರಸಾದನಿಲಯದಂಥವು ಎಷ್ಟು ಹಳ್ಳಿಗಳಿಗೆ ಮೊದಲ ಪದವೀಧರರನ್ನು ಕೊಟ್ಟಿಲ್ಲ! ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರಿಗೆ ರಾಮಕೃಷ್ಣಾಶ್ರಮ ನೆಲೆಯಾಯಿತು. ಮುಂದೆ ಕುಲಪತಿಗಳಾದಾಗ ಮಾನಸಗಂಗೋತ್ರಿಯ ಕನಸು ಕಂಡವರೂ ಅವರೇ. ದಾನಿಗಳು ಮತ್ತು ಮಠಗಳು ಅಷ್ಟು ಹಿಂದೆಯೇ ಅರಿತಿದ್ದುದನ್ನು, ಅಂದರೆ ಇರಲು ಜಾಗವಿಲ್ಲದವನಿಗೆ ಕೊಟ್ಟ ಸೀಟು ಅರ್ಧ ಸೀಟು ಎಂಬುದನ್ನು, ಸಾರ್ವಜನಿಕ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳೂ ತಮ್ಮ ವೇಳಾಪಟ್ಟಿಯಲ್ಲಿ ಕಾಣಿಸಬೇಕು.

ಆದ್ದರಿಂದ ಬರುವ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕಟಣೆಯಲ್ಲೇ ಪ್ರತಿ ವಿಶ್ವವಿದ್ಯಾಲಯವು ತನ್ನ ಹಾಸ್ಟೆಲುಗಳಲ್ಲಿ ಹೊಸಬರಿಗೆ ಎಷ್ಟು ಸ್ಥಾನಗಳಿವೆ, ಹಂಚಿಕೆ ಪಟ್ಟಿ ಯಾವ ದಿನಾಂಕದಂದು ಪ್ರಕಟವಾಗುತ್ತದೆ, ಅಲ್ಲಿಯವರೆಗೆ ಹೊಸ ವಿದ್ಯಾರ್ಥಿಗಳು ಎಲ್ಲಿ ಇರಬೇಕು, ಯಾವ ವಾರ್ಡನ್ ಅವರಿಗೆ ಹೊಣೆ ಎಂಬುದನ್ನು ಮುದ್ರಿಸಬೇಕೆಂದು ವಿನಂತಿಸುತ್ತೇನೆ. ಕಳೆದ ವಾರ ಟಿ.ಸಿ.ಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, ‘ಮೊದ್ಲು ಹೋಗಿ ಯಾರ ರೂಮಿಗಿ ಇಳಕೊಳ್ಳಲಿ ಮೇಡಂ?’ ಎಂದು ಕೇಳಿದಳು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿದೆ. ಅದಕ್ಕಿಂತ ಬೇರೆ ಉತ್ತರ ನನ್ನ ಬಳಿ ಇರಲಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಅಧ್ಯಾಪಕಿ, ಹಾವೇರಿ ಜಿಲ್ಲೆ