ಅವ್ವಾ, ಇದು ಸಕ್ಕರೆ ಕಾಯಿಲೆ ಅಲ್ಲ

ಲೀಡ್ಸ್, ಇಂಗ್ಲೆಂಡ್
ನವೆಂಬರ್ 23

ಪ್ರೀತಿಯ ಅವ್ವನಿಗೆ ಶರಣು ಶರಣಾರ್ಥಿ.

ಮೊನ್ನೆ ಫೋನಿನಲ್ಲಿ ನಾನು "ಡಯಾಬಿಟಿಸ್" ಅಂದ ಕೂಡಲೇ ನೀನು ಅಳೋಕೆ ಶುರು ಮಾಡಿದೆ. ಮುಂದಿನ ಶಬ್ದ ಕೇಳಲೇ ಇಲ್ಲ. ರಾತ್ರಿಯೊಳಗೆ ಬೀದರಿನ ಅತ್ತೆಯ ಮೆಸೇಜೂ ಬಂತು: ಹಾಗಲಕಾಯಿ ರಸ ಕುಡಿ, ಮೆಂತ್ಯೆ ನೆನೆಸಿ ತಿನ್ನು, ಬೆಲ್ಲ ಬಂದ್ ಮಾಡು. ಅದಕ್ಕೇ ಈ ಪತ್ರ. ಅಪ್ಪನ ಕೈಲಿ ಓದಿಸಿಕೋ. ನಡುವೆ ಬಾಯಿ ಹಾಕಬೇಡ.

ನನ್ನ ರಕ್ತದಲ್ಲಿ ಸಕ್ಕರೆ ಸರಿಯಾಗಿದೆ. ಈ ಕಾಯಿಲೆಯ ಹೆಸರು ಡಯಾಬಿಟಿಸ್ ಇನ್ಸಿಪಿಡಸ್. ಅಪ್ಪನಿಗಿರುವ ಸಕ್ಕರೆ ಕಾಯಿಲೆ ಡಯಾಬಿಟಿಸ್ ಮೆಲಿಟಸ್, ಅಂದರೆ ಜೇನಿನಂಥ ಸಿಹಿ. ನನ್ನದು ಇನ್ಸಿಪಿಡಸ್, ಅಂದರೆ ಸಪ್ಪೆ. ಹಿಂದಿನ ಕಾಲದ ಡಾಕ್ಟರರು ಮೂತ್ರದ ರುಚಿ ನೋಡಿ ಹೇಳುತ್ತಿದ್ದರಂತೆ! ಈಗ ಲ್ಯಾಬ್ ಇದೆ, ಪುಣ್ಯ. ಎರಡಕ್ಕೂ ಒಂದೇ ಹೆಸರಿದ್ದು ಆಸ್ಪತ್ರೆಯವರೇ ಗೊಂದಲ ಮಾಡಿಕೊಳ್ಳುತ್ತಿದ್ದರು. ಹಾಗಾಗಿ 2022ರಲ್ಲಿ ಇದಕ್ಕೆ ಅರ್ಜಿನೈನ್ ವಾಸೊಪ್ರೆಸಿನ್ ಕೊರತೆ ಅಂತ ಹೊಸ ಹೆಸರಿಟ್ಟರು. ಅತ್ತೆಗೆ ಇದನ್ನೇ ಹೇಳು, ಅರ್ಧಕ್ಕೇ ಸುಮ್ಮನಾಗುತ್ತಾಳೆ.

ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಒಂದು ಗ್ರಂಥಿ ಇದೆ. ನಮ್ಮ ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು. ಅಲ್ಲಿಂದ ವಾಸೊಪ್ರೆಸಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಬರಬೇಕು, "ನೀರು ಹಿಡಿದಿಟ್ಟುಕೋ" ಅಂತ ಕಿಡ್ನಿಗೆ ಹೇಳಬೇಕು. ನನಗೆ ಅದು ಸಾಲುತ್ತಿಲ್ಲ. ಕಿಡ್ನಿ ಗಟ್ಟಿಯಾಗಿಯೇ ಇದೆ, ಅದಕ್ಕೆ ಹೇಳುವವರಿಲ್ಲ ಅಷ್ಟೇ. ಕುಡಿದ ನೀರು ಕುಡಿದ ಹಾಗೆ ಹೊರಗೆ.

ಆಗಸ್ಟಿನಿಂದಲೇ ಶುರುವಾಗಿತ್ತು. ನಿನಗೆ ಹೇಳಲಿಲ್ಲ, ತಪ್ಪಾಯಿತು. ರಾತ್ರಿ ಆರು ಸಲ ಏಳುತ್ತಿದ್ದೆ. ಈ ಚಳಿಯಲ್ಲೂ ಫ್ರಿಜ್ಜಿನ ನೀರೇ ಬೇಕು. ಮೊದಲು ನೋಡಿದ ಡಾಕ್ಟರು ಬೆರಳು ಚುಚ್ಚಿ, ಸಕ್ಕರೆ ಇಲ್ಲ, ಮಲಗುವ ಮುಂಚೆ ನೀರು ಕಡಿಮೆ ಕುಡಿ ಅಂತ ಕಳಿಸಿಬಿಟ್ಟರು. ಹಾಗೇ ಮಾಡಿದೆ. ಎರಡನೇ ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿ, ತಲೆ ಸುತ್ತಿ ಬಚ್ಚಲಲ್ಲಿ ಕೂತುಬಿಟ್ಟೆ. ಆಮೇಲೆ ಬೇರೆ ಡಾಕ್ಟರು 24 ಗಂಟೆಯ ಮೂತ್ರ ಕ್ಯಾನಿನಲ್ಲಿ ಹಿಡಿದು ತರಲು ಹೇಳಿದರು. ಏಳೂವರೆ ಲೀಟರ್! 3 ಲೀಟರ್ ದಾಟಿದರೇ ಜಾಸ್ತಿ ಅಂತೆ.

ನೀರು ಬಿಡಿಸಿ ಮಾಡುವ ಪರೀಕ್ಷೆ ಇದೆಯಲ್ಲ, ಅದನ್ನು ಮರೆಯಲಾರೆ. ಬೆಳಿಗ್ಗೆ 8ರಿಂದ ಒಂದು ಹನಿ ನೀರಿಲ್ಲ. ಗಂಟೆಗೊಮ್ಮೆ ತೂಕ, ಮೂತ್ರ, ಆಗಾಗ ರಕ್ತ. ಕದ್ದು ಕುಡಿಯುತ್ತಾರೆ ಅಂತ ನರ್ಸಮ್ಮ ಬಾತ್‌ರೂಮ್ ಬಾಗಿಲಲ್ಲೇ ನಿಂತಿದ್ದರು. 11ರ ಹೊತ್ತಿಗೆ ಕಿಟಕಿ ಗಾಜಿನ ಮೇಲೆ ಇಳಿಯುತ್ತಿದ್ದ ಮಳೆಹನಿ ನೆಕ್ಕಬೇಕು ಅನಿಸಿತು. ಕಣ್ಣು ಮುಚ್ಚಿದರೆ ನಮ್ಮ ಪಡಸಾಲೆಯ ಹರವಿ, ಅದಕ್ಕೆ ಸುತ್ತಿದ ಒದ್ದೆ ಬಟ್ಟೆ. ಬೆಳಿಗ್ಗೆ 56.8 ಕಿಲೋ ಇದ್ದವಳು ಮಧ್ಯಾಹ್ನ ಒಂದು ಗಂಟೆಗೆ 55.3ಕ್ಕೆ ಇಳಿದಿದ್ದೆ. ಮೂತ್ರ ಇನ್ನೂ ನೀರಿನ ಹಾಗೇ ಬರುತ್ತಿತ್ತು. ತೂಕ ನೂರಕ್ಕೆ 3ರ ಹತ್ತಿರ ಇಳಿದಿದೆ, ಇನ್ನೂ ಇಳಿದರೆ ಅಪಾಯ ಅಂತ ನಿಲ್ಲಿಸಿ, ಡೆಸ್ಮೊಪ್ರೆಸಿನ್ ಇಂಜೆಕ್ಷನ್ ಕೊಟ್ಟರು. ಇದು ಆ ಹಾರ್ಮೋನನ್ನೇ ಹೋಲುವ ಔಷಧಿ. ಸ್ವಲ್ಪ ಹೊತ್ತಿಗೆ ಮೂತ್ರ ಕಡಿಮೆಯಾಗಿ ಹಳದಿ ಬಣ್ಣಕ್ಕೆ ಬಂತು. ಅದನ್ನು ನೋಡಿ ಅಷ್ಟು ಖುಷಿ ಪಟ್ಟವಳು ನಾನೊಬ್ಬಳೇ ಇರಬೇಕು. ಔಷಧಿಗೂ ಜಗ್ಗದಿದ್ದರೆ ಕಿಡ್ನಿಯೇ ಮಾತು ಕೇಳುತ್ತಿಲ್ಲ ಅಂತ ಅರ್ಥ, ಅದರ ಚಿಕಿತ್ಸೆಯೇ ಬೇರೆ.

ತಲೆಯ ಎಂಆರ್‌ಐ ಸ್ಕ್ಯಾನ್ ಆಯಿತು. ಗಡ್ಡೆ ಇಲ್ಲ. ಕಾರಣ ಗೊತ್ತಾಗಲಿಲ್ಲ, ಬಹಳ ಜನರಿಗೆ ಗೊತ್ತಾಗುವುದಿಲ್ಲವಂತೆ. ಮುಂದಿನ ವರ್ಷ ಇನ್ನೊಮ್ಮೆ ನೋಡುತ್ತಾರೆ. ಈಗ ಅದೇ ಡೆಸ್ಮೊಪ್ರೆಸಿನ್ ದಿನಕ್ಕೆ ಮೂರು ಸಣ್ಣ ಮಾತ್ರೆ, 100 ಮೈಕ್ರೋಗ್ರಾಮಿನವು. ರಾತ್ರಿ ಪೂರ್ತಿ ನಿದ್ದೆ.

ಜಾತ್ರೆಗೆ ಬರುತ್ತೇನೆ, ಏಪ್ರಿಲ್ ಕೊನೆವರೆಗೂ ಇರುತ್ತೇನೆ. ಕಲಬುರಗಿ ಬಿಸಿಲಿಗೆ ನನಗೆ ಭಯವಿಲ್ಲ. ಭಯ ನಿನ್ನದೇ. ಮಾತ್ರೆ ತೆಗೆದುಕೊಂಡ ಮೇಲೆ ನೀರು ಒಳಗೇ ನಿಲ್ಲುತ್ತದೆ. ಬಾಯಾರಿಕೆ ಇಲ್ಲದೆ ಸುಮ್ನೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್ ಕೂಡ ಬರಬಹುದು. "ಇನ್ನೊಂದು ಗ್ಲಾಸ್ ಮಜ್ಜಿಗೆ, ನನ್ನಾಣೆ" ಅನ್ನಬೇಡ. ನಾನು ಬೇಡ ಅಂದರೆ ಸಿಟ್ಟಾಗಬೇಡ. ಹಾಗಂತ ಕೇಳಿದಾಗ ನೀರು ತಡಮಾಡಬಾರದು, ನೀರು ಬಿಟ್ಟು ಮಾಡುವ ಉಪವಾಸ ನನಗಿನ್ನು ಇಲ್ಲ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಸೀದಾ ಆಸ್ಪತ್ರೆ. ಸಲೈನ್ ಹಾಕುವ ಮೊದಲು ಸೋಡಿಯಂ ನೋಡಿ ಅಂತ ಅಪ್ಪ ಹೇಳಲಿ. ನನ್ನ ಪರ್ಸಿನಲ್ಲಿ ಚೀಟಿ ಇರುತ್ತದೆ.

ಮದುವೆ ಮಾತು ಬಂದಾಗ ಮುಚ್ಚಿಡು ಅಂತ ಅತ್ತೆ ಬರೆದಿದ್ದಾಳೆ. ಮುಚ್ಚಿಡುವುದಿಲ್ಲ. ಅದರ ಜಗಳ ಬಂದ ಮೇಲೆ ಆಡೋಣ.

ಬೆಲ್ಲ ತಿನ್ನಬಹುದು. ಆದರೆ ಶೇಂಗಾ ಹೋಳಿಗೆಗೆ ಈಗಲೇ ಶೇಂಗಾ ಹುರಿಯಲು ಕೂರಬೇಡ, ಮಾರ್ಚ್ ಇನ್ನೂ ದೂರ ಇದೆ.

ನಿನ್ನ ಸಣ್ಣ ಮಗಳು